ಹಗೇವಿಗೆ ಇಳಿಸಿದ ಬ್ಯಾಟರಿ

ನನ್ನ ಮೈದುನ ಪುಣೆಯಿಂದ ಊರಿಗೆ ಬಂದ ವರ್ಷ ನಮ್ಮ ಮನೆಯಲ್ಲಿ ಜೋಳಕ್ಕೆ ಖೋಲಿ ಇತ್ತು, ಅವನಿಗೆ ಇರಲಿಲ್ಲ. ಹೇಳಿದರೆ ನಗುತ್ತೀರಿ. ಆದರೆ ಆ ಬೇಸಿಗೆಯಲ್ಲಿ ನಮ್ಮ ಕಡೆ ಯಾವ ಮನೆಗೆ ಹೋಗಿದ್ದರೂ ಇದೇ ಕಥೆ. ಲಾಕ್‌ಡೌನ್ ಆಗಿ ಬಾಗೇವಾಡಿಯ ಅಡತಿ ಅಂಗಡಿಗಳು ಬಾಗಿಲು ಹಾಕಿದ್ದವು. ಹಿಂಗಾರಿಯ ಬಿಳಿಜೋಳ ರಾಶಿಯಾಗಿ, ಚೀಲ ತುಂಬಿ, ಕೊಳ್ಳುವವರಿಲ್ಲದೆ ಮನೆಯಲ್ಲೇ ಕುಳಿತಿತ್ತು. ಇಂಡಿ ತಾಲೂಕಿನ ಕಡೆ ನಿಂಬೆಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಿದ್ದಾರೆಂದು ಕೇಳಿದ್ದೆವು. ಸಿಂದಗಿಯಲ್ಲಿ ಖಾನಾವಳಿ ನಡೆಸುವ ನನ್ನ ತಂಗಿ ಫೋನ್ ಮಾಡಿ, "ಅಕ್ಕಾ, ಒಲಿ ಆರಿ ತಿಂಗಳಾತು, ಒಲಿಯೊಳಗ ಬೆಕ್ಕು ಮರಿ ಹಾಕೇತಿ" ಎಂದು ಅತ್ತಿದ್ದಳು. ನಮ್ಮದು ನಿಂಬೆಹಣ್ಣಲ್ಲ, ಜೋಳ, ಕೊಳೆಯುವುದಿಲ್ಲವಲ್ಲ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು.

ನಮ್ಮ ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಪಕ್ಕದಲ್ಲಿ ಬೇರೆ ಬಾಗಿಲಿರುವ ಒಂದು ಖೋಲಿ. ಆ ಖೋಲಿಯ ನೆಲದಿಂದ ತೊಲೆಯವರೆಗೆ ಜೋಳದ ಚೀಲ. ಪಡಸಾಲೆಯ ಬೀದಿ ಕಡೆಯ ಕಿಟಕಿಯೇ ನನ್ನ ಕಿರಾಣಿ ಅಂಗಡಿ. ಅದರ ಮುಂದೆ ಪಂಚಾಯಿತಿಯವರು ಸುಣ್ಣದಿಂದ ದುಂಡಗೆ ಗೆರೆ ಹಾಕಿ ಹೋಗಿದ್ದರು, ಗಿರಾಕಿಗಳು ಒಬ್ಬೊಬ್ಬರು ಒಂದೊಂದು ಗೆರೆಯೊಳಗೆ ನಿಲ್ಲಬೇಕು. ಊರ ಬಾಗಿಲಾದ ಅಗಸಿಗೆ ಜಾಲಿಕಂಟಿ ಅಡ್ಡ ಹಾಕಿದ್ದರು. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರನ್ನು ಓಣಿ ಓಣಿಗೆ ತಿರುಗಿಸಿ ಬ್ಲೀಚಿಂಗ್ ನೀರು ಹೊಡೆಸಿದರು. ಕಿಟಕಿಯಲ್ಲಿದ್ದ ನನ್ನ ಶೇಂಗಾ ಚಿಕ್ಕಿಯೆಲ್ಲ ಆ ನೀರು ಕುಡಿದು ಹಾಳಾಯಿತು. ಟ್ರ್ಯಾಕ್ಟರಿನವನಿಗೆ ನಾನು ಅವತ್ತು ಬೈದದ್ದು ಅವನ ಮೊಮ್ಮಕ್ಕಳಿಗೂ ಸಾಲುತ್ತದೆ. ನನ್ನ ಬಾಯಿ ಜೋರು ಎಂದು ಓಣಿಗೆಲ್ಲ ಗೊತ್ತು, ನಾನೇನೂ ಅಲ್ಲಗಳೆಯುವುದಿಲ್ಲ.

ನಾನು ಮುದ್ದೇಬಿಹಾಳದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದ. ತಾಯಿ ಇರಲಿಲ್ಲ. ನನ್ನ ಕೈಯ ರೊಟ್ಟಿ ತಿಂದು, ನನ್ನ ಕೈಯ ಏಟೂ ತಿಂದು ದೊಡ್ಡವನಾದ. ಆಮೇಲೆ ಪುಣೆಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ, ಎತ್ತರದ ಕಟ್ಟಡಗಳ ಸ್ಲ್ಯಾಬಿಗೆ ಹಲಗೆ ಕಟ್ಟುವ ಕೆಲಸ. ಅಲ್ಲಿ ಎಲ್ಲ ನಿಂತುಹೋಗಿ, ಮಲಗುವ ಶೆಡ್ಡನ್ನೂ ಖಾಲಿ ಮಾಡಿಸಿದ ಮೇಲೆ ಒಂದಿಷ್ಟು ದಾರಿ ಲಾರಿಯಲ್ಲಿ, ಒಂದಿಷ್ಟು ನಡೆದು ಊರು ಮುಟ್ಟಿದ. ಅಗಸಿಯಿಂದಲೇ ಅವನನ್ನು ಸಾಲೆಗೆ ಕರೆದೊಯ್ದು ಕ್ವಾರಂಟೈನ್ ಮಾಡಿದರು. ಅದೂ ಮುಗಿಯಿತು, ತಪಾಸಣೆಯಲ್ಲಿ ಏನೂ ಇಲ್ಲ ಎಂದೂ ಬಂತು. ನಾನು ಹೋಳಿಗೆಗೆ ಬೇಳೆ ಕುದಿಯಲು ಇಟ್ಟು ಅವನ ದಾರಿ ಕಾಯುತ್ತಿದ್ದೆ.

ಅವನು ಬರುವ ಮೊದಲು ಎದುರು ಮನೆಯ ಕಾಕಾ ಬಂದರು. ವಯಸ್ಸಾದವರು, ಹಿಂದೆ ಪಂಚಾಯಿತಿ ಸದಸ್ಯರಾಗಿದ್ದವರು. ಓಣಿಯಲ್ಲಿ ಅವರ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಸುಣ್ಣದ ಗೆರೆಯೊಳಗೆ ನಿಂತು ಕೇಳಿದರು.

"ತಂಗಿ, ನಿಮ್ಮನ್ಯಾಗ ಬ್ಯಾರೆ ಖೋಲಿ ಐತೇನು?"

"ಯಾಕ್ರಿ ಕಾಕಾ?"

"ಇನ್ನೂ ಎರಡು ವಾರ ಅಂವ ಬ್ಯಾರೇನ ಇರಬೇಕು. ಖೋಲಿ ಇದ್ರ ಮನಿಗೆ ಬರಲಿ. ಇಲ್ಲಂದ್ರ ಸಾಲ್ಯಾಗ ಇರಲಿ. ಓಣ್ಯಾಗ ಸಣ್ಣ ಹುಡುಗ್ರು ಅದಾವ, ಮುದುಕ್ರು ಅದಾರ."

"ಏನೂ ಇಲ್ಲ ಅಂತ ಡಾಕ್ಟರು ಹೇಳ್ಯಾರಲ್ರಿ!"

"ಡಾಕ್ಟರು ನಮ್ಮ ಓಣ್ಯಾಗ ಇರೂದಿಲ್ಲವ್ವಾ" ಎಂದು ಕಾಕಾ ಟವೆಲಿನಿಂದ ಮೂಗು ಮುಚ್ಚಿಕೊಂಡು ಹೊರಟರು.

ಸಾಲೆಯಲ್ಲಿ ಅವನ ಜೊತೆಗಿದ್ದವರೆಲ್ಲ ಮನೆಗೆ ಹೋಗಿದ್ದರು. ಪಾಯಖಾನೆಗೆ ಬಾಗಿಲಿರಲಿಲ್ಲ. ಮೇಲಿನ ತಗಡು ಕಾದು ಮಧ್ಯಾಹ್ನ ಒಳಗೆ ಕೂರುವ ಹಾಗಿರಲಿಲ್ಲ. ನಾನು ರೊಟ್ಟಿ ಒಯ್ದು ಗೇಟಿನ ಬಳಿ ಇಟ್ಟು ಹಿಂದೆ ಸರಿದರೆ ಅವನು ಬಂದು ಎತ್ತಿಕೊಳ್ಳುತ್ತಿದ್ದ. ಗಂಟಲ ಮೂಳೆ ಎದ್ದು ಕಾಣುವಷ್ಟು ಸೊರಗಿದ್ದ. "ವೈನಿ, ಖೋಲಿ ಖಾಲಿ ಆತೇನ?" ಎಂದು ದಿನವೂ ಕೇಳುವನು. ಆ ಚೀಲಗಳನ್ನು ಎಲ್ಲಿಗೆ ಹೊತ್ತು ಹಾಕಲಿ? ಪಡಸಾಲೆಯಲ್ಲಿ ಹಾಕಿದರೆ ಅಂಗಡಿ ಮುಚ್ಚಬೇಕು. ಅಂಗಡಿ ಮುಚ್ಚಿದರೆ ಆ ದಿನಗಳಲ್ಲಿ ನಮ್ಮ ಮನೆಗೆ ಬೇರೆ ಗತಿ ಇರಲಿಲ್ಲ.

ಕೊನೆಗೆ ನಮ್ಮ ಮನೆಯವರಿಗೆ, ಅವನ ಅಣ್ಣನಿಗೆ, ಹಗೇವು ನೆನಪಾಯಿತು.

ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ನಮ್ಮದು ಮನೆಯ ಮುಂದೆಯೇ ಇತ್ತು. ಮಾವನವರು ತೀರಿಕೊಂಡ ಮೇಲೆ ಯಾರೂ ತೆರೆದಿರಲಿಲ್ಲ. ಓಣಿಗೆ ಸಿಮೆಂಟ್ ರಸ್ತೆ ಬಂದಾಗ ಅದರ ಮೇಲೇ ಕಾಂಕ್ರೀಟು ಸುರಿದು ಹೋಗಿದ್ದರು. ಗೋದಾಮು, ಬಜಾರು ಎಲ್ಲ ಇರುವಾಗ ನೆಲದೊಳಗಿನ ತೂತು ಯಾರಿಗೆ ಬೇಕು?

ಈಗ ಬೇಕಾಯಿತು. ರಸ್ತೆ ಒಡೆಯಲು ಕಾಕಾ ಒಪ್ಪಿದರು. ಕೂಲಿಯವರು ಯಾರೂ ಮನೆ ಬಿಟ್ಟು ಬರುತ್ತಿರಲಿಲ್ಲವಾದ್ದರಿಂದ, ಬಯಲಿನಲ್ಲಿ ತಾನೇ ಎಂದು, ಹಗಲು ಮೈದುನನೇ ಬಂದು ಕೆಲಸ ಮಾಡಲು ಒಪ್ಪಿಗೆ ಕೊಟ್ಟರು. ಚೀಲಗಳು ಹಗೇವಿಗೆ ಇಳಿದ ದಿನ ಅವನು ಖೋಲಿಗೆ ಬರಬಹುದು. ಹಾಗೆಂದು ಮಾತಾಯಿತು.

ಬೆಳಿಗ್ಗೆಯೇ ಬಂದ. ಬಾಯಿಗೆ ಮಾಸ್ಕು, ಕೈಯಲ್ಲಿ ಸುತ್ತಿಗೆ. ತಿಂಗಳುಗಟ್ಟಲೆ ಸುಮ್ಮನೆ ಕುಳಿತಿದ್ದ ಕೈಗೆ ಕೆಲಸ ಸಿಕ್ಕ ಖುಷಿಗೆ ಕಾಂಕ್ರೀಟಿನ ಮೇಲೆ ಏಟಿನ ಮೇಲೆ ಏಟು ಹಾಕಿದ. ನಾನು ಕಿಟಕಿಯಿಂದಲೇ ಛೇಡಿಸಿದೆ.

"ಪುಣೆದಾಗ ಸ್ಲ್ಯಾಬ್ ಹಾಕಾಂವ, ಇಲ್ಲಿ ಸ್ಲ್ಯಾಬ್ ಒಡಿಯಾಕ ಬಂದಿ ನೋಡು."

"ಕಟ್ಟಿದವ್ರಿಗೇ ಒಡಿಯಾಕ ಬರತೈತಿ ವೈನಿ. ಸಂಜಿಗೆ ನನ್ನ ಖೋಲಿ ಕಸ ಹೊಡದು ಇಡು."

"ನನ್ನ ಖೋಲಿ ಅಂತ! ನಿನ್ನ ಹೆಣಾ ಎತ್ಲಿ, ಮದಿವಿ ಆಗೂತನಕ ನಿನಗ್ಯಾವ ಖೋಲಿನೋ?"

ಅವನು ನಕ್ಕ. ನಮ್ಮ ಕಡೆ ಹೆಂಗಸರು ಮುದ್ದಿಗೂ ಆಡುವ ಮಾತು ಅದು. ಇವತ್ತು ನನ್ನ ಬಾಯಿಗೆ ಅದು ಬರುವುದಿಲ್ಲ.

ಹಾರೆ ಹಾಕಿ ಹಾಸುಗಲ್ಲು ಸರಿಸಿದಾಗ ಒಳಗಿನಿಂದ ಹುಳಿ ವಾಸನೆ ಬಂತು. ಮಧ್ಯಾಹ್ನದ ಊಟ ಮುಗಿಯುವವರೆಗೆ ಹಾಗೇ ತೆರೆದು ಬಿಟ್ಟೆವು. ಅಷ್ಟರಲ್ಲಿ ಓಣಿಯ ಅರ್ಧ ಜನ ನೋಡಲು ಬಂದರು. ಆ ದಿನಗಳಲ್ಲಿ ನೋಡಲು ಇನ್ನೇನಿತ್ತು? ಅಂಗಡಿಯ ಮುಂದಿನ ಸುಣ್ಣದ ಗೆರೆಗಳಲ್ಲಿ ಒಬ್ಬೊಬ್ಬರಾಗಿ ನಿಂತುಕೊಂಡರು, ಕಾಕಾ ಎಲ್ಲರಿಗಿಂತ ಮುಂದೆ.

"ದೀಪ ಬಿಡದ ಇಳೀಬ್ಯಾಡ್ರಿ" ಎಂದು ನಾನೇ ಕೂಗಿದೆ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ, ಅದನ್ನು ನಾವು ಝಳ ಎನ್ನುತ್ತೇವೆ. ಅದು ಮೂಗಿಗೆ ತಿಳಿಯುವುದಿಲ್ಲ. ನನ್ನ ತವರಿನಲ್ಲಿ ನಾನು ಸಣ್ಣವಳಿದ್ದಾಗ ನೆರೆಮನೆಯ ಅಣ್ಣ ಇಳಿದು ಬಿದ್ದ, ಅವನನ್ನು ಎತ್ತಲು ಅವನ ತಮ್ಮ ಇಳಿದ, ಇಬ್ಬರನ್ನೂ ಒಂದೇ ಚಾಪೆಯಲ್ಲಿ ಮಲಗಿಸಿದ್ದನ್ನು ನಾನು ಕಂಡಿದ್ದೇನೆ. ಅದಕ್ಕೇ ಹಿಂದಿನವರು ಮೊದಲು ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು.

ನಮ್ಮ ಮನೆಯವರು ಅಟ್ಟದ ಮೇಲೆ ಕೈಯಾಡಿಸಿದರು. ಕಂದೀಲಿಗೆ ಬತ್ತಿಯಿರಲಿಲ್ಲ, ರೇಶನ್ನಿನಲ್ಲಿ ಸೀಮೆಎಣ್ಣೆ ಕಾಣದೆ ಯಾವ ಕಾಲವಾಗಿತ್ತೋ. ಹೊಲಕ್ಕೆ ನೀರು ಹಾಯಿಸಲು ಹೋಗುವಾಗ ಒಯ್ಯುವ ದೊಡ್ಡ ಬ್ಯಾಟರಿ ಗೂಟಕ್ಕೆ ತೂಗುತ್ತಿತ್ತು. ಅದನ್ನೇ ಹೊತ್ತಿಸಿ, ಕೊರಳಿಗೆ ಹುರಿ ಕಟ್ಟಿ ಇಳಿಸಿದರು. ಕೆಳಗೆ ತಳಕ್ಕೆ ಹಾಸಿದ್ದ ಹಳೆಯ ಜೋಳದ ದಂಟಿನ ಕಣಿಕೆ, ಗೋಡೆಗೆ ಅಂಟಿದ ಕಪ್ಪು ಜೋಳ ಎಲ್ಲ ಸ್ಪಷ್ಟ ಕಂಡಿತು.

"ಉರ್ಯಾಕತ್ತೈತಿ ನೋಡು" ಎಂದರು.

ನಾನೂ ಬಗ್ಗಿ ನೋಡಿದೆ. ಹೌದು, ಝಗಝಗ ಉರಿಯುತ್ತಿತ್ತು. ಕಾಕಾ ಕೂಡ ಕುತ್ತಿಗೆ ಉದ್ದ ಮಾಡಿ ನೋಡಿ, "ಉರೀತೈತಿ, ಇಳಿ" ಎಂದರು. ಅಷ್ಟು ಜನ ನಿಂತಿದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ಮೈದುನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಮಾಸ್ಕನ್ನು ಮೂಗಿನ ಮೇಲೆ ಏರಿಸಿ, "ಇದೂ ಐತಿ ವೈನಿ, ಏನ ಬಂದ್ರೂ ತಡೀತೈತಿ" ಎಂದು ಕಣ್ಣಲ್ಲೇ ನಕ್ಕ. ನಮ್ಮ ಮನೆಯವರು ಮತ್ತು ಓಣಿಯ ಇಬ್ಬರು ಗಂಡಸರು ಹಗ್ಗ ಹಿಡಿದರು. ಅವನ ತಲೆ ನೆಲದ ಮಟ್ಟದಿಂದ ಕೆಳಗೆ ಹೋಯಿತು.

"ಏನ ಕಾಣತೈತೋ?" ಎಂದೆ.

"ಅಪ್ಪನ ಕಾಲದ ಜ್ವಾಳಾ ವೈನಿ. ಕರ್ರಗಾಗೇತಿ. ಬುಟ್ಟಿ ಬಿಡ್ರಿ."

ಬುಟ್ಟಿ ಬಿಟ್ಟರು. ಒಂದು ಬುಟ್ಟಿ ಕಸ ಮೇಲೆ ಬಂತು. ಎರಡನೆಯದು ಬರಲಿಲ್ಲ. "ತುಂಬೋ ಲಗೂನ" ಎಂದು ನಮ್ಮವರು ಕೂಗಿದರು. ಒಳಗಿನಿಂದ ಅವನೇನೋ ಅಂದ, ತಿಳಿಯಲಿಲ್ಲ, ಕುಡಿದವರ ಮಾತಿನಂತಿತ್ತು. ಆಮೇಲೆ ಕೆಮ್ಮಿದ.

ಒಂದು ಕೆಮ್ಮು. ಆ ವರ್ಷ ಕೆಮ್ಮು ಎಂದರೆ ಏನಾಗಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಗೇವಿನ ಬಾಯಿಯಿಂದ ಅದು ದೊಡ್ಡದಾಗಿ ಕೇಳಿತು. ಸುಣ್ಣದ ಗೆರೆಗಳಲ್ಲಿ ನಿಂತವರೆಲ್ಲ ಹಿಂದೆ ಸರಿದರು. ಮತ್ತೊಮ್ಮೆ ಕೆಮ್ಮಿ ಅವನು ಸುಮ್ಮನಾದ. ಹಗ್ಗ ಸಡಿಲಾಯಿತು.

"ಏ, ಉಸಿರು ಹಿಡದೈತಿ ಅವಗ! ಅದ ಐತದು, ಕೊರೊನಾ ಐತಿ!" ಎಂದು ಹಿಂದಿನಿಂದ ಯಾರೋ ಅಂದರು.

ಹಗ್ಗ ಹಿಡಿದಿದ್ದ ಇಬ್ಬರೂ ಬಿಟ್ಟುಬಿಟ್ಟರು. ಅವನ ಮೈ ಮುಟ್ಟಿದ ಹಗ್ಗ ಎಂದು ಒಬ್ಬ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ಓಡಿಬಂದು ಒಳಗೆ ಬಗ್ಗಿದೆ. ಅವನು ಕಣಿಕೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಪಕ್ಕದಲ್ಲೇ ಬ್ಯಾಟರಿ, ಮೊದಲಿನಷ್ಟೇ ಬೆಳಕು. ಆಗ ನನಗೆ ಹೊಳೆಯಿತು. ಉರಿಯುವುದಕ್ಕೆ ಗಾಳಿ ಬೇಕಾದದ್ದು ಕಂದೀಲಿಗೆ. ಈ ಬ್ಯಾಟರಿ ನೀರೊಳಗೆ ಮುಳುಗಿಸಿದರೂ ಉರಿಯುತ್ತದೆ. ನಾವು ಹಿರಿಯರ ರೂಢಿ ಬಿಡಬಾರದೆಂದು ಬೆಳಕು ಇಳಿಸಿದ್ದೆವು, ಅವರು ಬೆಂಕಿ ಇಳಿಸುತ್ತಿದ್ದರು.

"ಝಳ ಬಡದೈತ್ರೋ! ಕೊರೊನಾ ಅಲ್ಲ, ಹಗೇವಿನ ಝಳ! ಬರ್ರಿ, ಹಗ್ಗಾ ಹಿಡೀರಿ!" ಎಂದು ಕೂಗಿದೆ.

ಯಾರೂ ಬರಲಿಲ್ಲ.

ನಮ್ಮ ಮನೆಯವರು ಹಗ್ಗ ಬಿಟ್ಟು ಹಗೇವಿಗೆ ಕಾಲು ಇಳಿಬಿಟ್ಟರು. ನಾನು ಅವರ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. "ನೀವೂ ಇಳದ್ರ ನೀವೂ ಹೋಗ್ತೀರಿ! ಜಗ್ಗರಿ, ಮ್ಯಾಲಿಂದ ಜಗ್ಗರಿ!" ಇಬ್ಬರೂ ಹಗ್ಗ ಹಿಡಿದು ಎಳೆದೆವು. ಅಂಗೈ ಸುಲಿಯಿತು. ಅವನು ಎಂಥ ಭಾರವಾಗಿದ್ದ! ಸಾಲೆಯಲ್ಲಿ ಸೊರಗಿದ್ದಾನೆಂದು ನಾನು ಮರುಗಿದ ಹುಡುಗ, ಕಲ್ಲಿನಷ್ಟು ಭಾರ. ಅಂತೂ ನಡು ಬಗ್ಗಿ ಜೋತಾಡುತ್ತ ಮೇಲೆ ಬಂದ, ಹಗೇವಿನ ಬಾಯಿಯ ಹತ್ತಿರ ಭುಜ ಕಲ್ಲಿಗೆ ಸಿಕ್ಕಿಕೊಂಡು ನಿಂತ.

ಎಳೆದರೆ ಬರಲೊಲ್ಲ. ಬಿಟ್ಟರೆ ಕೆಳಗೆ ಬೀಳುತ್ತಾನೆ. ನಮ್ಮವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಂತರು. "ಭಾಳ ಹೊತ್ತು ಆಗಾಂಗಿಲ್ಲ" ಎಂದರು. ಅವರ ಧ್ವನಿ ನನಗೆ ಗುರುತೇ ಸಿಗಲಿಲ್ಲ.

ನಾನು ರಸ್ತೆಯ ಮೇಲೆ ಬೋರಲು ಮಲಗಿ, ಎದೆಯವರೆಗೆ ಬಾಯಿಯೊಳಗೆ ಇಳಿದು, ಅವನ ಬಗಲಿಗೆ ಕೈ ಹಾಕಿದೆ. ಬಾಗಿಲಲ್ಲಿ ಸಿಕ್ಕ ಚೀಲವನ್ನು ಓರೆ ಮಾಡುವಂತೆ ಅವನ ಭುಜವನ್ನು ತಿರುಗಿಸಬೇಕಿತ್ತು. ತಿರುಗಿಸಲು ಇನ್ನೂ ಸ್ವಲ್ಪ ಕೆಳಗೆ ಬಾಗಬೇಕು. ಬಾಗಿದರೆ ನಾನೇ ಜಾರುತ್ತಿದ್ದೆ. ಕಿವಿಯಲ್ಲಿ ಗುಂಯ್ ಎನ್ನತೊಡಗಿತು, ಕಣ್ಣ ಮುಂದೆ ಕಪ್ಪು ಚುಕ್ಕೆ. "ಯಾರರ ನನ್ನ ಕಾಲು ಹಿಡೀರೋ! ಅವನ್ನ ಮುಟ್ಟಬ್ಯಾಡ್ರಿ, ನನ್ನ ಕಾಲರ ಹಿಡೀರಿ!" ಎಂದು ಒದರಿದೆ. ಒದರಿದ್ದು ಹೊರಗೆ ಕೇಳಿತೋ ಇಲ್ಲವೋ. ಈ ಓಣಿಗೆ ಇಷ್ಟು ವರ್ಷ ಉಪ್ಪು, ಎಣ್ಣೆ, ಕಡ್ಡಿಪೆಟ್ಟಿಗೆ ಕೊಟ್ಟಿದ್ದೇನೆ, ಇವರ ಕಣ್ಣೆದುರೇ ನನ್ನ ಹುಡುಗ ಸಾಯುತ್ತಾನೆ ಎಂದು ಎಲ್ಲರ ಮೇಲೂ ಸಿಟ್ಟು ಬಂತು. ಅಂಜಿಕೆಗಿಂತ ಸಿಟ್ಟೇ ಹೆಚ್ಚಿತ್ತು.

ಆಗ ನನ್ನ ಎರಡೂ ಪಾದದ ಮೇಲೆ ಯಾರೋ ಬಿದ್ದರು. ಹಿಡಿದದ್ದಲ್ಲ, ಮೈಭಾರ ಹಾಕಿ ಬಿದ್ದದ್ದು. ನಾನು ಕೆಳಗೆ ಬಾಗಿ, ಅವನ ಭುಜ ಒಳಕ್ಕೆ ನೂಕಿ, ಓರೆ ಮಾಡಿ, ನಮ್ಮವರಿಗೆ "ಜಗ್ಗರಿ" ಎಂದೆ. ಕಲ್ಲಿಗೆ ಚರ್ಮ ಕೆತ್ತಿಸಿಕೊಂಡು ಅವನು ಹೊರಗೆ ಬಂದ. ತಿರುಗಿ ನೋಡಿದರೆ ನನ್ನ ಕಾಲ ಮೇಲೆ ಬಿದ್ದವರು ಕಾಕಾ. ಟವೆಲು ಎಲ್ಲೋ ಬಿದ್ದುಹೋಗಿತ್ತು, ಬರಿಮುಖದಲ್ಲಿ ತೇಕುತ್ತಿದ್ದರು.

ಸಿಮೆಂಟಿನ ಮೇಲೆ ಮಲಗಿಸಿದೆವು. ತುಟಿ ನೀಲಿಯಾಗಿತ್ತು. ಮಾಸ್ಕು ಗದ್ದದ ಕೆಳಗೆ ಸುರುಟಿಕೊಂಡಿತ್ತು. ನಮ್ಮವರು ಎದೆ ತಿಕ್ಕಿದರು, ನಾನು ಮೊರ ತಂದು ಗಾಳಿ ಹಾಕಿದೆ, ಕೆನ್ನೆಗೆ ಹೊಡೆದೆ. "ಏಳೋ ತಮ್ಮಾ, ಏಳೋ, ಖೋಲಿ ಖಾಲಿ ಮಾಡ್ತೇನಿ, ಜ್ವಾಳಾ ಬೀದಿಗೆ ಒಗಿತೇನಿ, ಏಳೋ" ಎಂದು ಏನೇನೋ ಬಡಬಡಿಸಿದೆ. ಎಷ್ಟು ಹೊತ್ತಾಯಿತೋ ದೇವರಿಗೇ ಗೊತ್ತು. ಒಮ್ಮೆಗೇ ಅವನ ಹೊಟ್ಟೆ ಮೇಲೆದ್ದು ಗೊರಕ್ಕೆಂದು ಉಸಿರು ಎಳೆದ. ಮತ್ತೊಂದು. ಮತ್ತೊಂದು.

ಕಣ್ಣು ಬಿಟ್ಟ. ನನ್ನನ್ನು ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ. ಆಚೆ ನಿಂತ ಜನರನ್ನು ನೋಡಿದ. ಅವನ ಕೈ ಗದ್ದದ ಹತ್ತಿರ ತಡವರಿಸಿತು. ನೀರು ಕೇಳುತ್ತಾನೆ ಎಂದುಕೊಂಡೆ. ಅವನು ಮಾಸ್ಕನ್ನು ಮೂಗಿನ ಮೇಲೆ ಏರಿಸಿಕೊಂಡು, ಮಲಗಿದಲ್ಲೇ ಎರಡೂ ಕೈ ಜೋಡಿಸಿದ.

"ನಂಗ ಏನೂ ಇಲ್ರಿ" ಎಂದ. "ಖರೇನ ಏನೂ ಇಲ್ರಿ. ಸಾಲಿಗೆ ಕಳಸಬ್ಯಾಡ್ರಿ."

ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ನಾನು ಮದುವೆಯಾಗಿ ಬಂದ ಮೇಲೆ ಬೀದಿಯಲ್ಲಿ ಕುಳಿತು ಅತ್ತದ್ದು ಅದೇ ಮೊದಲು.

ಅವನನ್ನು ಸಾಲೆಗೇ ಕಳಿಸಿದರು. ಉಸಿರು ಕಟ್ಟಿತ್ತಲ್ಲ, ತಪಾಸಣೆ ಆಗಲಿ, ಎಲ್ಲರ ಸಲುವಾಗಿ ಎಂದು ಹೇಳಿದವರೂ ಕಾಕಾನೇ. ನನ್ನ ಕಾಲು ಹಿಡಿದು ಅವನ ಜೀವ ಉಳಿಸಿದವರೂ ಅವರೇ. ಅವರಿಗೆ ಬೈಯಬೇಕೋ ಕೈ ಮುಗಿಯಬೇಕೋ ನನಗೆ ಇವತ್ತಿಗೂ ಬಗೆಹರಿದಿಲ್ಲ, ಒಮ್ಮೊಮ್ಮೆ ಎರಡೂ ಮಾಡಿದ್ದೇನೆ. ಆಂಬುಲೆನ್ಸಿನವರು ಬಂದಾಗ ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತು ಕೂಗಾಡಿದೆ. ಮೈದುನನೇ, "ಬಿಡು ವೈನಿ, ಜಗಳ ಬ್ಯಾಡ" ಎಂದು ಮೆಲ್ಲಗೆ ಎದ್ದು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತ. ಬಾಗೇವಾಡಿಯಲ್ಲಿ ತಪಾಸಣೆ ಮಾಡಿಸಿ, ಅದರ ಫಲ ಬರುವವರೆಗೆ ಮತ್ತೆ ಅದೇ ತಗಡಿನ ಕೆಳಗೆ ಬಿಟ್ಟರು.

ಆ ಸಂಜೆಯೇ ನಾವಿಬ್ಬರೂ ಜೋಳದ ಚೀಲಗಳನ್ನು ಪಡಸಾಲೆಗೆ ಹೊತ್ತು ಹಾಕಿದೆವು. ಅಂಗಡಿ ಮುಚ್ಚಿತು, ಮುಚ್ಚಲಿ. ಹಗೇವಿಗೆ ಕಲ್ಲು ಮಣ್ಣು ತುಂಬಿ, ಮೇಲೆ ಸಿಮೆಂಟು ಹಾಕಿಸಿದೆವು. ಏನೂ ಇಲ್ಲ ಎಂದು ಎರಡನೆಯ ಸಲವೂ ಬಂದ ಮೇಲೆ ಅವನು ಆ ಖೋಲಿಗೆ ಬಂದ. ಹೇಳಿದಷ್ಟು ದಿನ ಒಬ್ಬನೇ ಇದ್ದ, ತಾಟು ತಾನೇ ತೊಳೆದುಕೊಂಡ, ನಮ್ಮ ಪಡಸಾಲೆಗೆ ಕಾಲಿಡಲಿಲ್ಲ. ಅವಧಿ ಮುಗಿದ ಮೇಲೂ ಇಡಲಿಲ್ಲ. ರೈಲು ಬಿಟ್ಟ ಕೂಡಲೇ ಪುಣೆಗೆ ಹೊರಟುಹೋದ.

ಆಮೇಲೆ ಎಲ್ಲ ಸರಿಯಾಯಿತು ಎನ್ನುತ್ತಾರೆ. ಬಜಾರು ತೆರೆಯಿತು, ಜೋಳ ಹೋಯಿತು, ನನ್ನ ಅಂಗಡಿ ಮತ್ತೆ ನಡೆಯುತ್ತಿದೆ, ಸಿಂದಗಿಯಲ್ಲಿ ತಂಗಿಯ ಒಲೆ ಹೊತ್ತಿದೆ. ಮೈದುನನಿಗೆ ಮದುವೆಯೂ ಆಯಿತು. ವರ್ಷಕ್ಕೊಮ್ಮೆ ಗಂಡ ಹೆಂಡತಿ ಬರುತ್ತಾರೆ. ಆ ಹುಡುಗಿ ಸಿಂದಗಿಯವಳು, ನನ್ನಷ್ಟೇ ಮಾತುಗಾರ್ತಿ. ಬಂದವಳೇ ಸೀದಾ ಅಡುಗೆಮನೆಗೆ ಹೋಗಿ ಬಿಂದಿಗೆಯಿಂದ ನೀರು ತೆಗೆದು ಕುಡಿಯುತ್ತಾಳೆ.

ಅವನು ಹೊಸ್ತಿಲ ಹೊರಗೆ ಬ್ಯಾಗು ಹಿಡಿದು ನಿಂತಿರುತ್ತಾನೆ. ತಾನು ಹುಟ್ಟಿದ ಮನೆ ಅದು. "ಯಾಕ ನಿಂತಿ, ನಿನ್ನ ಮನಿ ಐತೋ ಮೂಳಾ, ಬಾ" ಎಂದು ಪ್ರತಿ ಸಲವೂ ಗದರುತ್ತೇನೆ. ನಗುತ್ತಾನೆ, ಆದರೂ ನಾನು ಬಾ ಎನ್ನುವವರೆಗೆ ಒಳಗೆ ಬರುವುದಿಲ್ಲ.